ಕ್ಯಾರವಾನ್ ಎಳೆದು ತಂದ ಚಳಿಗಾಲ

ನಮ್ಮವರಿಗೆ ದೇವರ ಮೇಲೆ ಭಕ್ತಿ ಅಷ್ಟಕ್ಕಷ್ಟೆ. ಮೈಲೇಜಿನ ಮೇಲೆ ಮಾತ್ರ ಅಪಾರ. ಮಸ್ಕತ್ತಿನಲ್ಲಿ ನಮ್ಮ ಮನೆ ಇದ್ದದ್ದು ವಾದಿ ಕಬೀರಿನಲ್ಲಿ, ಗ್ಯಾರೇಜುಗಳ ಸಾಲಿಗೆ ಬೆನ್ನು ಹಾಕಿ ನಿಂತ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ. ಅವರ ಕೆಲಸ ದೂರದ ರುಸೈಲಿನ ಒಂದು ಕಾರ್ಖಾನೆಯಲ್ಲಿ, ಸಾಮಾನು ಖರೀದಿಸುವ ವಿಭಾಗದಲ್ಲಿ. ದಿನಾ ಹೋಗಿ ಬರುವ ಆ ಹೈವೇಯೇ ಅವರ ಪೂಜೆಯ ಕೋಣೆ. ಆಕ್ಸಿಲರೇಟರನ್ನು ಎಳೆಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟುತ್ತಿದ್ದರು. ಕೆಂಪು ದೀಪ ದೂರದಲ್ಲಿ ಕಂಡರೆ ಸಾಕು, ಕಾಲು ತೆಗೆದುಬಿಡುವರು. ಹಿಂದಿನವರು ಹಾರನ್ ಹೊಡೆದರೂ ಕಿವಿ ಕೇಳದವರಂತೆ ತೇಲಿಕೊಂಡು ಹೋಗುವರು. ಮನೆಗೆ ಇನ್ನೂ ಎರಡು ಸಿಗ್ನಲ್ ಇದೆ ಅನ್ನುವಾಗಲೇ ಎ.ಸಿ. ಆರಿಸುವರು. ಒಳಗೆ ಉಳಿದ ತಂಪು ಸಾಕಂತೆ. ಜೂನ್ ತಿಂಗಳಲ್ಲಿ ಆ ಎರಡು ಸಿಗ್ನಲ್ ದಾಟುವಷ್ಟರಲ್ಲಿ ನಾನೂ ಮಗಳೂ ಇಡ್ಲಿಯ ಹಾಗೆ ಬೆಂದಿರುತ್ತಿದ್ದೆವು.

ಇದಕ್ಕೆಲ್ಲ ಮೂಲ ಮೈಸೂರಿನಲ್ಲಿತ್ತು. ಮದುವೆಯಾದ ಹೊಸದರಲ್ಲಿ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗುತ್ತಿದ್ದರು. ಇಳಿಯುವಾಗ ತುದಿಯಲ್ಲೇ ಎಂಜಿನ್ ಆಫ್. ಬುಡದವರೆಗೂ ಸದ್ದಿಲ್ಲದೆ ಜಾರಿಕೊಂಡು ಬಂದು, "ನೋಡಿದ್ಯಾ, ಒಂದು ತೊಟ್ಟೂ ಖರ್ಚಿಲ್ಲ" ಅನ್ನುವರು. ನನಗೆ ಆಗ ಅದು ಬಹಳ ಜಾಣತನ ಅನ್ನಿಸಿತ್ತು. ಬೀಸುವ ಗಾಳಿ, ಕೆಳಗೆ ಕಾಣುವ ಊರು, ಮುಂದೆ ಹೊಸ ಗಂಡ. ಆ ವಯಸ್ಸಿನಲ್ಲಿ ಯಾರು ಬ್ರೇಕಿನ ಬಗ್ಗೆ ಯೋಚಿಸುತ್ತಾರೆ? ಮಸ್ಕತ್ತಿಗೆ ಬಂದು ಕಾರು ಕೊಂಡ ಮೇಲೂ ಇಳಿಜಾರು ಕಂಡ ಕೂಡಲೆ ಅವರ ಕೈ ತಾನಾಗಿ ನ್ಯೂಟ್ರಲಿಗೆ ಹೋಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಸುಮ್ಮನೆ ಹೇಳಿಲ್ಲ.

ಎಣ್ಣೆಯ ಬೆಲೆ ಬಿದ್ದ ವರ್ಷಗಳು ಬಂದವು. ಈಗ ನೆನೆದರೆ ನಗು ಬರುತ್ತದೆ. ಪ್ರಪಂಚದಲ್ಲೆಲ್ಲ ಎಣ್ಣೆ ಅಗ್ಗವಾಯಿತು, ಎಣ್ಣೆ ತೆಗೆಯುವ ನಾಡಿನಲ್ಲಿದ್ದ ನಮಗೆ ಪೆಟ್ರೋಲು ತುಟ್ಟಿಯಾಯಿತು. ಸರ್ಕಾರದ ಸಬ್ಸಿಡಿ ಹೋಯಿತು. ತಿಂಗಳು ತಿಂಗಳೂ ಹೊಸ ಬೆಲೆ. ತಿಂಗಳ ಕೊನೆಯ ಸಂಜೆ, ನಾಳೆ ಏರುತ್ತದೆ ಅನ್ನುವ ಸುದ್ದಿ ಬಂದರೆ, ಬಂಕುಗಳ ಮುಂದೆ ಕಾರುಗಳ ಸಾಲು. ಆ ಸಾಲಿನಲ್ಲಿ ನಮ್ಮವರು ಹಬ್ಬಕ್ಕೆ ಬಂದವರ ಹಾಗೆ ಖುಷಿಯಾಗಿ ನಿಂತಿರುತ್ತಿದ್ದರು. ಇಷ್ಟು ವರ್ಷ ತಮ್ಮನ್ನು ಜಿಪುಣ ಅಂದವರೆಲ್ಲ ಈಗ ಬಂದು ಮೈಲೇಜ್ ಹೇಗೆ ತೆಗೀತೀರಿ ಸಾರ್ ಅಂತ ಕೇಳುತ್ತಿದ್ದರಲ್ಲ, ಅದರ ಹೆಮ್ಮೆ.

ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ. ಕಾರ್ಖಾನೆಗೆ ಬರುವ ಆರ್ಡರುಗಳು ಕಡಿಮೆಯಾದವು, ಕಂಪನಿ ಮನೆಬಾಡಿಗೆ ಭತ್ಯೆಗೆ ಕತ್ತರಿ ಹಾಕಿತು, ಮಕ್ಕಳ ಸ್ಕೂಲ್ ಫೀಸು ಕೊಡುವುದನ್ನು ನಿಲ್ಲಿಸಿತು. ಆಗ ಗಲ್ಫಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಫ್ಯಾಮಿಲಿ ಕಳಿಸೋದು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ಫ್ಲ್ಯಾಟ್ ಬಿಟ್ಟು, ಗಂಡಸರು ಮೂರು ನಾಲ್ಕು ಜನ ಸೇರಿ ಒಂದು ರೂಮು ಮಾಡಿಕೊಂಡು ಇರುವುದು. ನಲವತ್ತು ದಾಟಿದ ಗಂಡಸರು ಮತ್ತೆ ಬ್ಯಾಚುಲರುಗಳು. ನಮ್ಮ ಕಟ್ಟಡದ ಮೆಟ್ಟಿಲುಗಳ ಮೇಲೆ ವಾರಕ್ಕೊಂದು ಮನೆಯ ಕಾರ್ಗೋ ಡಬ್ಬಗಳು ಕೂತಿರುತ್ತಿದ್ದವು. ಕೆಳಗಿನ ಮನೆಯ ಉಡುಪಿ ಕಡೆಯ ಕೊಂಕಣಿ ಹೆಂಗಸು ಹೋಗುವ ದಿನ ತನ್ನ ಕರಿಬೇವಿನ ಕುಂಡವನ್ನು ನನ್ನ ಕೈಗಿಟ್ಟು, "ನಿಮ್ಮದು ಯಾವಾಗ?" ಅಂದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಬಸ್ಸು ಯಾವಾಗ ಅಂತ ಕೇಳಿದಷ್ಟು ಸಹಜವಾಗಿತ್ತು ಅದು.

ನಮ್ಮದು ಮಾರ್ಚ್. ಐದನೇ ಕ್ಲಾಸಿನ ಮಗಳ ಪರೀಕ್ಷೆ ಮುಗಿದ ಕೂಡಲೇ ಅವಳೂ ನಾನೂ ಮೈಸೂರಿಗೆ, ಇವರು ಮಸ್ಕತ್ತಿನಲ್ಲೇ ಹಮ್ರಿಯಾದ ಒಂದು ರೂಮಿಗೆ. ತೀರ್ಮಾನ ಇವರದು. ಊಟ ಮಾಡುತ್ತಾ, ಉಪ್ಪಿನಕಾಯಿ ಕೇಳಿದಷ್ಟೇ ಸಲೀಸಾಗಿ ಹೇಳಿದರು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣೇ." ನನಗೆ ಮೂಗಿನ ತುದಿಯಲ್ಲಿ ಕೋಪ, ಸಾಮಾನ್ಯವಾಗಿ ಒಂದಕ್ಕೆ ನಾಲ್ಕು ಕೊಡುವವಳು. ಅವತ್ತು ಮಾತ್ರ ತಟ್ಟೆ ಎತ್ತಿಕೊಂಡು ಎದ್ದೆ. ನಾನು ಹೋಗಲಾರೆ ಅಂತ ಹೇಳಲು ನನ್ನ ಹತ್ತಿರ ಕಾರಣವೇನಿತ್ತು? ನೀವು ಬೇಕು ಅನ್ನುವುದು ಒಂದು ಕಾರಣವೇ, ಅದೂ ಮದುವೆಯಾಗಿ ಅಷ್ಟು ವರ್ಷದ ಮೇಲೆ? ಆಮೇಲಿನ ಎರಡು ತಿಂಗಳು ಪಾತ್ರೆಗಳನ್ನು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದೆ.

ಆ ಚಳಿಗಾಲದ ರಜೆಗೆ ಸ್ವಲ್ಪ ಮುಂಚೆ ಒಂದು ಕೆಲಸ ಒದಗಿ ಬಂತು. ಇವರ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವನು ಇಬ್ರಾದ ಒಬ್ಬ ಒಮಾನಿ. ದೊಡ್ಡ ದನಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮನಸ್ಸು. ಅವನ ಊರಿನ ತೋಟದಲ್ಲಿ ಒಂದು ಸಣ್ಣ ಕ್ಯಾರವಾನ್ ಇತ್ತು. ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಪ್ರತಿ ಚಳಿಗಾಲ ತಾಯಿಯನ್ನು ಅದರಲ್ಲಿ ಮರಳುಗಾಡಿಗೆ ಕರೆದುಕೊಂಡು ಹೋಗುತ್ತಿದ್ದನಂತೆ. ಓವರ್‌ಟೈಮ್ ನಿಂತ ಮೇಲೆ ಅವನೂ ಅದನ್ನು ಮಾರಿದ್ದ. ಕೊಂಡವನು ಮಸ್ಕತ್ತಿನ ಪಕ್ಕದ ಅಮರಾತಿನಲ್ಲಿದ್ದ. ತಾಯಿಗೆ ಮಂಡಿ ಆಪರೇಷನ್ನು, ತಾನು ಊರು ಬಿಟ್ಟು ಬರುವಂತಿಲ್ಲ. ಭಾಯಿ, ನೀನು ಹೋಗಿ ಎಳೆದು ತಂದುಕೊಡು, ಬರುವ ದಾರಿಯಲ್ಲಿ ಎರಡು ದಿನ ಅದರಲ್ಲೇ ಮಜಾ ಮಾಡು, ಅಂದ. ಎಳೆಯಲು ತನ್ನ ದೊಡ್ಡ ಫೋರ್ ವೀಲ್ ಗಾಡಿಯನ್ನೇ ಕೊಟ್ಟು, ನಮ್ಮ ಪುಟ್ಟ ಕಾರನ್ನು ತಾನಿಟ್ಟುಕೊಂಡ.

ನಾನು ಆಗ ಬಾಯಿ ಬಿಟ್ಟೆ. "ಒಂಬತ್ತು ವರ್ಷದಲ್ಲಿ ಈ ದೇಶದಲ್ಲಿ ನಾನು ನೋಡಿರೋದು ಸೂಪರ್‌ಮಾರ್ಕೆಟ್ಟು, ದೇವಸ್ಥಾನ, ಏರ್‌ಪೋರ್ಟು. ಹೋಗೋದೇ ಆದ್ರೆ ಸಮುದ್ರದ ದಾರೀಲಿ ಬರೋಣ. ಸೂರ್ ನೋಡ್ಕೊಂಡು." ಇಬ್ರಾದಿಂದ ಮಸ್ಕತ್ತಿಗೆ ನೇರ ದಾರಿ ಇದೆ. ಸೂರಿನ ಮೇಲೆ ಬರುವುದೆಂದರೆ ಮೂಗು ಹಿಡಿಯಲು ಕೈಯನ್ನು ತಲೆ ಸುತ್ತಿಸಿದ ಹಾಗೆ. ಪೆಟ್ರೋಲು ಕುಡಿಯುವ ದೊಡ್ಡ ಗಾಡಿ, ಹಿಂದೆ ಒಂದು ಮನೆ, ಮೇಲೆ ಸುತ್ತು ದಾರಿ. ಖಂಡಿತ ಆಗಲ್ಲ ಅನ್ನುತ್ತಾರೆಂದು ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. "ಆಯ್ತು" ಅಂದರು. ನಾನು ಪೆಚ್ಚಾದೆ.

ಇಬ್ರಾದ ತೋಟದಲ್ಲಿ, ಖರ್ಜೂರದ ಮರಗಳ ಕೆಳಗೆ ನಿಂತಿತ್ತು ಅದು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಒಳಗೆ ಎರಡು ಮಂಚ, ಒಂದು ಪುಟಾಣಿ ಸ್ಟವ್, ಕಿಟಕಿಗೆ ಹೂವಿನ ಪರದೆ. ಮಗಳು ಒಳಗೆ ಕಾಲಿಟ್ಟವಳು ಹೊರಗೆ ಬರಲೇ ಇಲ್ಲ. ನಾನು ಮೈಸೂರು ಹೆಂಗಸು. ಎರಡು ದಿನಕ್ಕೆ ಬೇಕು ಅಂತ ಕುಕ್ಕರು, ಒಗ್ಗರಣೆ ಸಾಮಾನು, ಅಕ್ಕಿ, ದೋಸೆಹಿಟ್ಟು, ನೀರಿನ ದೊಡ್ಡ ಕ್ಯಾನುಗಳು, ಎಲ್ಲ ತಂದಿದ್ದೆ. ಅವನ್ನೆಲ್ಲ ಹಿಂದಿನ ಮೂಲೆಯಲ್ಲಿ ನೀಟಾಗಿ ಜೋಡಿಸಿಟ್ಟೆ. ಇಬ್ರಾದ ಗೆಳೆಯ ಬಂದು ನೋಡಿ ತಲೆಗೆ ಕೈ ಹಚ್ಚಿಕೊಂಡ.

"ಸಿಸ್ಟರ್, ಮನೆ ಶಿಫ್ಟಿಂಗಾ? ಹಿಂದೆ ಭಾರ ಹಾಕಿದರೆ ಇದು ಬಾಲ ಆಡಿಸುತ್ತೆ," ಅಂತ ತನ್ನ ಹಿಂದಿಯಲ್ಲಿ ಹೇಳಿ, ಪಾಪ, ತಾನೇ ಎಲ್ಲವನ್ನೂ ಎತ್ತಿ ಚಕ್ರದ ನೇರಕ್ಕೆ ತಂದಿಟ್ಟ. ಆಮೇಲೆ ಇವರ ಹೆಗಲ ಮೇಲೆ ಕೈಹಾಕಿ, "ಭಾಯಿ, ಶ್ವಯ್ಯ ಶ್ವಯ್ಯ. ನಿಧಾನ. ಇದಕ್ಕೆ ತನ್ನದೇ ಬ್ರೇಕ್ ಇಲ್ಲ. ನಿಲ್ಲಿಸೋದೂ ನೀನೇ, ಎಳೆಯೋದೂ ನೀನೇ," ಅಂದ. ನಿಧಾನ ಅನ್ನುವುದನ್ನು ನಮ್ಮವರಿಗೆ ಯಾರಾದರೂ ಹೇಳಿಕೊಡಬೇಕೇ? ಇವರು ಮುಗುಳ್ನಕ್ಕರು. ಗಾಡಿ ಹೊರಟಾಗ ಅವನು ಕ್ಯಾರವಾನಿನ ಬೆನ್ನಿಗೆ ಎರಡು ಸಲ ತಟ್ಟಿ, ತಿರುಗಿ ನೋಡದೆ ಒಳಗೆ ಹೋದ.

ಕ್ಯಾರವಾನ್ ಕಟ್ಟಿಕೊಂಡ ಗಾಡಿ ಬೇರೆಯೇ ಪ್ರಾಣಿ. ನಿಂತಲ್ಲಿಂದ ಹೊರಡಲು ಅದಕ್ಕೆ ಮನಸ್ಸೇ ಬರುವುದಿಲ್ಲ. ಹೊರಟ ಮೇಲೆ ನಿಲ್ಲಲು ಮನಸ್ಸು ಬರುವುದಿಲ್ಲ. ಲೇನ್ ಬದಲಿಸಬೇಕಾದರೆ ಬಾಲ ಎಲ್ಲಿದೆ ಅಂತ ಯೋಚಿಸಬೇಕು. ಎಂಬತ್ತರಲ್ಲಿ ಹೋಗುವಾಗ ಹಗುರವಾಗಿ ಬರುತ್ತದೆ. ಅದಕ್ಕಿಂತ ಸ್ವಲ್ಪ ಜಾಸ್ತಿ ಒತ್ತಿದರೆ, ಅಷ್ಟಗಲದ ಚಪ್ಪಟೆ ಮುಖ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ, ಪೆಟ್ರೋಲಿನ ಮುಳ್ಳು ಕಣ್ಣೆದುರೇ ಇಳಿಯತೊಡಗುತ್ತದೆ. ನಮ್ಮವರು ಮೊದಲ ಅರ್ಧ ಗಂಟೆಯಲ್ಲೇ ಇದನ್ನು ಕಂಡುಹಿಡಿದು, "ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋದು ಅಂದ್ರೆ ಇದೇ ನೋಡೇ," ಅಂತ ಖುಷಿಪಟ್ಟರು. ಜೀವನದಲ್ಲಿ ಮೊದಲ ಬಾರಿಗೆ ಅವರ ನಿಧಾನಕ್ಕೆ ಒಂದು ಸರಿಯಾದ ಕಾರಣ ಸಿಕ್ಕಿತ್ತು. ಇಬ್ರಾದಿಂದ ಸೂರಿನ ಕಡೆಗೆ ಹೋಗುವ ಆ ಬಯಲು ದಾರಿಯಲ್ಲಿ, ಬಲಕ್ಕೆ ದೂರದಲ್ಲಿ ಮರಳಿನ ದಿಬ್ಬಗಳು ಕೆಂಪಗೆ ಕಾಣುತ್ತಿದ್ದಾಗ, ಕುರಿ ತುಂಬಿದ ಪಿಕಪ್ಪುಗಳೂ ನಮ್ಮನ್ನು ದಾಟಿ ಹೋದವು.

"ಅಪ್ಪಾ, ಈವನ್ ದ ಗೋಟ್ಸ್ ಆರ್ ಓವರ್‌ಟೇಕಿಂಗ್ ಅಸ್," ಅಂದಳು ಮಗಳು.

"ಹೋಗ್ಲಿ ಬಿಡು ಮರಿ. ಅವಕ್ಕೆ ಬಿರಿಯಾನಿಯಾಗೋ ಅವಸರ."

ಇವರ ಬುದ್ಧಿ ಅಷ್ಟಕ್ಕೇ ನಿಲ್ಲುವುದೇ? ಒಂದು ದೊಡ್ಡ ಬಸ್ಸು ಮುಂದೆ ಬಂದಾಗ ಅದರ ಬೆನ್ನಿಗೆ ಅಂಟಿಕೊಂಡರು. ಬಸ್ಸು ಗಾಳಿಯನ್ನು ಸೀಳಿಕೊಂಡು ಹೋಗುತ್ತೆ, ಅದರ ಹಿಂದೆ ನಮಗೆ ಬಿಟ್ಟಿ ದಾರಿ ಅನ್ನುವ ಲೆಕ್ಕ. ಬಸ್ಸಿನ ಹಿಂದಿನ ಗಾಜಿನ ಪಕ್ಕ ಕೂತಿದ್ದವನ ಮೀಸೆ ಎಣಿಸುವಷ್ಟು ಹತ್ತಿರ. "ರೀ, ಅವನು ಬ್ರೇಕ್ ಹಾಕಿದ್ರೆ ನಾವೂ ಅವರ ಜೊತೆ ಬಸ್ಸಲ್ಲೇ ಹೋಗ್ಬೇಕಾಗುತ್ತೆ," ಅಂತ ಕೂಗಿದ ಮೇಲೆ ಹಿಂದೆ ಸರಿದರು. ನನಗೂ ಲೈಸೆನ್ಸ್ ಇತ್ತು. ಒಮಾನಿನಲ್ಲಿ ಲೈಸೆನ್ಸ್ ಅಂದರೆ ಗೊತ್ತಿದ್ದವರಿಗೇ ಗೊತ್ತು: ಡ್ರಮ್ಮುಗಳ ನಡುವೆ ರಿವರ್ಸ್, ಆಮೇಲೆ ಏರು ಪರೀಕ್ಷೆ, ಆಮೇಲೆ ಪೊಲೀಸನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆ ಪರೀಕ್ಷೆ. ನಾನು ಎಷ್ಟು ಸಲ ಫೇಲಾದೆ ಅಂತ ಕೇಳಬೇಡಿ. ನನಗೆ ಕಲಿಸಿದ ಮುದುಕ ಪ್ರತಿ ಸಲವೂ ನನಗಿಂತ ಹೆಚ್ಚು ಬೇಜಾರು ಮಾಡಿಕೊಳ್ಳುತ್ತಿದ್ದ. ಹಾಗೆ ಬೆವರು ಸುರಿಸಿ ಗಳಿಸಿದ ವಿದ್ಯೆ, ಸುಮ್ಮನಿರು ಅಂದರೆ ಸುಮ್ಮನಿರುತ್ತದೆಯೇ?

ಸೂರಿನಲ್ಲಿ ಮರದ ಹಡಗುಗಳನ್ನು ನೋಡಿದೆವು. ಸಂಜೆಗೆ ಮುಂಚೆ ತೀವಿ ಅನ್ನುವ ಊರು ದಾಟಿ, ಬಿಳಿ ಮರಳಿನ ಒಂದು ಕಡಲತೀರದಲ್ಲಿ ಕ್ಯಾರವಾನ್ ನಿಲ್ಲಿಸಿದೆವು. ಆ ಸಂಜೆಯೂ ಮಾರನೆಯ ಬೆಳಗೂ ನನಗೆ ಇವತ್ತಿಗೂ ಬೇಕು. ಕಣ್ಣು ಮುಚ್ಚಿದರೆ ಆ ಪುಟಾಣಿ ಸ್ಟವ್ ಮೇಲೆ ಒಗ್ಗರಣೆ ಸಿಡಿಯುತ್ತದೆ. ಬಾಗಿಲು ತೆರೆದರೆ ನೇರ ಸಮುದ್ರ. ಉಪ್ಪಿಟ್ಟು ಕೆದಕುತ್ತಾ ನಾನು ಸಮುದ್ರ ನೋಡುತ್ತಿದ್ದೆ, ಇವರು ಪ್ಯಾಂಟ್ ಮಡಚಿಕೊಂಡು ನೀರಿನಲ್ಲಿ ನಿಂತಿದ್ದರು, ಮಗಳು ಒದ್ದೆ ಮರಳಿನಲ್ಲಿ ಮನೆ ಕಟ್ಟುತ್ತಿದ್ದಳು. ಮಸ್ಕತ್ತಿನ ಎರಡು ಬೆಡ್‌ರೂಮಿನ ಫ್ಲ್ಯಾಟಿಗಿಂತ ಈ ಡಬ್ಬಿಯಲ್ಲಿ ನಮಗೆ ಜಾಗ ಹೆಚ್ಚಿದ್ದ ಹಾಗಿತ್ತು. ಒಬ್ಬರು ಅತ್ತಿತ್ತ ಹೋಗಬೇಕಾದರೆ ಇನ್ನೊಬ್ಬರು ಮಂಚದ ಮೇಲೆ ಕಾಲೆತ್ತಿ ಕೂರಬೇಕು, ಅದಕ್ಕೇ ನಗು. ಇವರು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಮನೆಯಲ್ಲಿ ಉಪ್ಪಿಟ್ಟು ಅಂದರೆ ಮುಖ ಸಿಂಡರಿಸುವ ಮನುಷ್ಯ.

ಆಗ ಮಗಳು ಕೇಳಿದಳು. "ಅಪ್ಪಾ, ನಾವು ಇಂಡಿಯಾಗೆ ಹೋದ್ಮೇಲೆ ಹೂ ವಿಲ್ ಈಟ್ ವಿತ್ ಯೂ?"

"ರೂಮಲ್ಲಿ ಇನ್ನೂ ಮೂರು ಜನ ಇರ್ತಾರಲ್ಲ ಮರಿ. ಅವರ ಜೊತೆ."

"ಆರ್ ದೇ ನೈಸ್?"

"ಗೊತ್ತಿಲ್ಲ," ಅಂದರು ಇವರು. ತಟ್ಟೆ ತೊಳೆಯುತ್ತೇನೆ ಅಂತ ಎದ್ದು ನೀರಿನ ಕಡೆಗೆ ಹೋದವರು ಬಹಳ ಹೊತ್ತು ಒಂದೇ ತಟ್ಟೆ ತೊಳೆದರು. ನನಗೆ ಸಿಟ್ಟು ಬಂತು. ಹೋಗೋದು ಬೇಡ ಅಂತ ಒಂದು ಮಾತು ಹೇಳಲು ಈ ಮನುಷ್ಯನಿಗೆ ಏನು ಧಾಡಿ ಅಂತ ಮನಸ್ಸಿನಲ್ಲೇ ಬೈದುಕೊಂಡು ಪಾತ್ರೆಗಳನ್ನು ತುಂಬಿದೆ.

ಸಮುದ್ರದ ಗುಂಟ ಬರುವಾಗ ಪಕ್ಕದಿಂದ ಬೀಸುವ ಗಾಳಿಗೆ ಕ್ಯಾರವಾನ್ ಒಮ್ಮೊಮ್ಮೆ ಮೈ ಒಲೆಯುತ್ತಿತ್ತು. ಇವರು ಸ್ಟೀರಿಂಗ್ ಬಿಗಿ ಹಿಡಿದು, ಕಾಲು ಸಡಿಲಿಸಿ, ಅದು ತಾನಾಗಿ ಸರಿಹೋಗುವವರೆಗೆ ಕಾಯುತ್ತಿದ್ದರು. ಚೆನ್ನಾಗಿಯೇ ಓಡಿಸಿದರು, ಸುಳ್ಳು ಹೇಳಬಾರದು. ಕುರಿಯಾತ್ ದಾಟಿದ ಮೇಲೆ ಬೆಟ್ಟದ ಏರು. ಗಾಡಿ ಏದುಸಿರು ಬಿಟ್ಟಿತು. ಮುಳ್ಳು ಇಳಿಯುವುದನ್ನು ನೋಡಲಾರದೆ ಇವರು ಎ.ಸಿ. ಆರಿಸಿ ಕಿಟಕಿ ಇಳಿಸಿದರು. ಚಳಿಗಾಲವಾದ್ದರಿಂದ ನಾನೂ ತಕರಾರು ಮಾಡಲಿಲ್ಲ. ಇನ್ನೇನು ಈ ಗುಡ್ಡ ದಾಟಿದರೆ ಅಮರಾತ್. ಕ್ಯಾರವಾನ್ ಅಲ್ಲಿ ಒಪ್ಪಿಸಿದರೆ ಪ್ರವಾಸ ಖಲಾಸ್. ಹೂವಿನ ಪರದೆಯನ್ನು ಮಗಳು ಎಷ್ಟು ಸಲ ಮುಟ್ಟಿ ಬಂದಿದ್ದಳು!

ನೆತ್ತಿಗೆ ಬಂದೆವು. ಮುಂದೆ ಉದ್ದಕ್ಕೂ ಇಳಿಜಾರು, ಕೊನೆಯಲ್ಲಿ ಒಂದು ತಿರುವು. ಏರಿನಲ್ಲಿ ಕಳಕೊಂಡದ್ದನ್ನೆಲ್ಲ ಇಲ್ಲೇ ವಾಪಸ್ ಪಡೆಯಬೇಕು ಅಂತ ಇವರಿಗೆ ಅನ್ನಿಸಿರಬೇಕು. ಅಥವಾ ಏನೂ ಅನ್ನಿಸಿರಲಿಕ್ಕಿಲ್ಲ. ಚಾಮುಂಡಿ ಬೆಟ್ಟ ಇಳಿದ ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿರಬೇಕು. ಗೇರ್ ನ್ಯೂಟ್ರಲಿಗೆ ಬಂತು. ಎಂಜಿನ್ನಿನ ಸದ್ದು ಉಡುಗಿತು. ಒಂದು ಗಳಿಗೆ ಎಲ್ಲವೂ ಹಿತವಾಗಿತ್ತು, ಗಾಳಿ, ಬಿಸಿಲು, ಮೌನ.

ಆಮೇಲೆ ಹಿಂದಿನಿಂದ ಯಾರೋ ತಳ್ಳತೊಡಗಿದರು. ಅದು ಕ್ಯಾರವಾನ್. ಇಲ್ಲಿಯವರೆಗೆ ಎಳೆಸಿಕೊಂಡು ಬಂದದ್ದು ಈಗ ನಮ್ಮನ್ನು ತಳ್ಳುತ್ತಿತ್ತು. ವೇಗದ ಮುಳ್ಳು ಎಂಬತ್ತು ದಾಟಿತು, ನೂರು ದಾಟಿತು. ಇವರು ಬ್ರೇಕ್ ಒತ್ತಿದರು. ಸ್ವಲ್ಪ ತಗ್ಗಿತು, ಮತ್ತೆ ಏರಿತು. ಮತ್ತೆ ಒತ್ತಿದರು. ಕನ್ನಡಿಯಲ್ಲಿ ಕ್ಯಾರವಾನ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಣುಕುತ್ತಿತ್ತು. ರಬ್ಬರ್ ಸುಟ್ಟಂಥ ವಾಸನೆ ಒಳಗೆ ಬಂತು. ಇವರ ಕಾಲು ಪೂರ್ತಿ ಕೆಳಗಿತ್ತು, ಗಾಡಿ ಮಾತ್ರ ಕೇಳುತ್ತಿರಲಿಲ್ಲ. ತಿರುವು ಹತ್ತಿರ ಬರುತ್ತಿತ್ತು.

"ಗೇರ್ ಹಾಕ್ರೀ! ನ್ಯೂಟ್ರಲ್ ತೆಗೀರಿ! ಎರಡಕ್ಕೆ ತನ್ನಿ, ಎರಡಕ್ಕೆ!" ಅಂತ ಅರಚಿದೆ. ಡ್ರೈವಿಂಗ್ ಕಲಿಸುವಾಗ ಇಳಿಜಾರಿನಲ್ಲಿ ಆ ಮುದುಕ ನನಗೆ ಅರಚಿದ್ದು ಹಾಗೆಯೇ. ಮೊದಲು ಡ್ರೈವಿಗೆ ಹಾಕಿದರು, ಆಮೇಲೆ ಇನ್ನೂ ಕೆಳಕ್ಕೆ. ಎಂಜಿನ್ ಹುಲಿಯ ಹಾಗೆ ಗರ್ಜಿಸಿತು, ಇಡೀ ಗಾಡಿ ಜಗ್ಗಿದಂತಾಗಿ ನಾವು ಮುಂದಕ್ಕೆ ವಾಲಿದೆವು. ವೇಗ ಒಲ್ಲದ ಮನಸ್ಸಿನಿಂದ ಇಳಿಯಿತು. ತಿರುವಿಗೆ ಸ್ವಲ್ಪ ಮುಂಚೆ ರಸ್ತೆಯ ಅಂಚಿನ ಜಲ್ಲಿಯ ಮೇಲೆ ನಿಂತೆವು.

ಚಕ್ರಗಳಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಮಗಳು ಅಳುವುದನ್ನೂ ಮರೆತು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅವಳನ್ನು ಇಳಿಸಿ, ರಸ್ತೆಯಿಂದ ದೂರ ಒಂದು ಬಂಡೆಯ ಮೇಲೆ ಕೂರಿಸಿ, ಕೈಗೆ ಬಿಸ್ಕತ್ತು ಕೊಟ್ಟು ಬಂದೆ. ಇವರು ಗಾಡಿಯ ಮುಂದೆ ನಿಂತಿದ್ದರು. ಎರಡೂ ಕೈಯನ್ನು ಬಾನೆಟ್ಟಿಗೆ ಊರಿ ತಲೆ ತಗ್ಗಿಸಿದ್ದರು. ಅದನ್ನು ನೋಡಿ ಯಾವ ಹೆಂಗಸಿಗಾದರೂ ಕರುಣೆ ಬರಬೇಕು. ನನಗೆ ಬಂದದ್ದು ಎರಡು ತಿಂಗಳು ಪಾತ್ರೆಗಳ ಮೇಲೆ ತೀರಿಸಿಕೊಂಡಿದ್ದ ಸಿಟ್ಟು.

"ಮೈಲೇಜ್ ಬೇಕಿತ್ತಲ್ವಾ? ಇದನ್ನ ಇಲ್ಲೇ ಕೊಕ್ಕೆ ಬಿಚ್ಚಿ ಬಿಟ್ಬಿಡಿ. ಹಗುರವಾಗಿ ಹೋಗ್ಬಹುದು. ಹೇಗೂ ಅಭ್ಯಾಸ ಮಾಡ್ಕೋತಿದ್ದೀರಲ್ಲ. ಮಾರ್ಚಲ್ಲಿ ನಮ್ಮನ್ನೂ ಹಾಗೇ ಬಿಚ್ಚಿ ಬಿಡ್ತೀರಿ. ನಾನೂ ನನ್ನ ಮಗಳೂ ಏನು, ನಿಮ್ಮ ಹಿಂದೆ ಕಟ್ಟಿರೋ ಗಾಡಿನಾ? ಬಿಚ್ಚಿದ್ರೆ ಪೆಟ್ರೋಲ್ ಉಳಿಯುತ್ತೆ ಅಂತನಾ?"

ಇನ್ನೂ ಏನೇನೋ ಅಂದೆ. ಟ್ಯೂಶನ್ ಹೇಳ್ತೀನಿ, ಒಂದು ರೂಮಿನ ಮನೆಗೆ ಹೋಗೋಣ, ಹಿಟ್ಟು ರುಬ್ಬಿ ಮಾರ್ತೀನಿ, ಕೇಳಿದ್ರಾ ನನ್ನನ್ನ ಒಂದು ಮಾತು? ಅಂದೆ. ಲಾರಿಯೊಂದು ಗೇರಿನಲ್ಲೇ ಗೊಣಗಿಕೊಂಡು ನಿಧಾನವಾಗಿ ಇಳಿದುಹೋಯಿತು. ಇವರು ಅದನ್ನು ತಿರುವಿನವರೆಗೂ ನೋಡಿದರು.

"ಹೋದ ವಾರ ರೂಮ್ ನೋಡ್ಕೊಂಡು ಬಂದೆ," ಅಂದರು. ನನ್ನ ಕಡೆ ನೋಡಲಿಲ್ಲ. "ನಾಲ್ಕು ಮಂಚ ಇದೆ. ನನಗೆ ಬಾಗಿಲ ಪಕ್ಕದ್ದು. ಹೇಗಿದೆ ನೋಡಿ ಸಾರ್ ಅಂದ್ರು, ಕೂತು ನೋಡಿದೆ." ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಕಾಲು ಬಿಟ್ಕೊಂಡು ಕೂತ್ರೆ ಮೊಣಕಾಲು ಎದುರಿನ ಮಂಚಕ್ಕೆ ತಾಗುತ್ತೆ. ಮಂಚದ ಕೆಳಗೆ ಒಂದು ಸೂಟ್‌ಕೇಸ್ ಇಡ್ಬಹುದು. ಅಷ್ಟೆ. ಆಮೇಲೆ ಅಲ್ಲಿಂದ ಎದ್ದು ಬರೋಕೆ... ಕಾರಲ್ಲಿ ಕೂತು ಸ್ಟಾರ್ಟ್ ಮಾಡೋಕೇ ಆಗ್ಲಿಲ್ಲ ಕಣೇ."

ಅಷ್ಟೇ ಅವರು ಹೇಳಿದ್ದು. ಹೋಗಬೇಡಿ ಅನ್ನಲಿಲ್ಲ, ತೀರ್ಮಾನ ಬದಲಿಸಿದೆ ಅನ್ನಲಿಲ್ಲ. ನನಗೆ ಆ ಕಾರು ಕಣ್ಣಿಗೆ ಕಟ್ಟಿತು. ಹಮ್ರಿಯಾದ ಯಾವುದೋ ಓಣಿಯಲ್ಲಿ, ಎಂಜಿನ್ ಆರಿಸಿದ ಕಾರಿನಲ್ಲಿ, ಸ್ಟೀರಿಂಗ್ ಹಿಡಿದು ಕೂತ ನನ್ನ ಗಂಡ. ಅವತ್ತು ಮನೆಗೆ ತಡವಾಗಿ ಬಂದು ಟ್ರಾಫಿಕ್ ಅಂದಿದ್ದರು. ನಾನು ತಣ್ಣಗಾದ ಸಾರನ್ನೇ ಬಡಿಸಿದ್ದೆ.

ಬ್ರೇಕು ಆರುವವರೆಗೆ ಕಾದೆವು. ಇವರು ಚಕ್ರದ ಮೇಲೆ ನೀರು ಹುಯ್ಯಲು ಹೋದರು, ನಾನು ಕ್ಯಾನ್ ಕಸಿದುಕೊಂಡೆ. ಕಾದ ಬಾಣಲೆಗೆ ನೀರು ಹಾಕಿದರೆ ಏನಾಗುತ್ತದೆ ಅಂತ ಅಡುಗೆ ಮಾಡುವವರಿಗೆ ಗೊತ್ತು. ಆಮೇಲೆ ಕೀ ಕೇಳಿದೆ. ಕೊಟ್ಟು, ಆ ಕಡೆಯ ಬಾಗಿಲಿಗೆ ಹೋದರು. ಅಷ್ಟು ದೊಡ್ಡ ಗಾಡಿಯನ್ನು ನಾನು ಎಂದೂ ಓಡಿಸಿರಲಿಲ್ಲ. ಎರಡನೇ ಗೇರಿನಲ್ಲಿ, ಎಂಜಿನ್ ಊಳಿಡುತ್ತಿರುವಂತೆಯೇ, ಬ್ರೇಕನ್ನು ಆಗೊಮ್ಮೆ ಈಗೊಮ್ಮೆ ಮುಟ್ಟುತ್ತಾ ಉಳಿದ ಇಳಿಜಾರನ್ನು ಇಳಿಸಿದೆ. ಪೆಟ್ರೋಲು ಎಷ್ಟು ಹೋಯಿತೋ ದೇವರಿಗೇ ಗೊತ್ತು. ಇವರು ಮುಳ್ಳಿನ ಕಡೆ ನೋಡಲಿಲ್ಲ. ಹಿಂದಕ್ಕೆ ಕೈ ಚಾಚಿ ಮಗಳ ಕಾಲನ್ನು ಹಿಡಿದುಕೊಂಡು ಕೂತಿದ್ದರು.

ಅಮರಾತಿನಲ್ಲಿ ಕ್ಯಾರವಾನ್ ಕೊಂಡವನು ಗೇಟಿನಲ್ಲೇ ಕಾಯುತ್ತಿದ್ದ. ಹೆಂಗಸು ಓಡಿಸಿಕೊಂಡು ಬಂದದ್ದು ನೋಡಿ ಹುಬ್ಬೇರಿಸಿ, ಆಮೇಲೆ ಕಹ್ವಾ ಕಾಫಿ ಕೊಟ್ಟ. ಸಾಮಾನು ಇಳಿಸಿಕೊಂಡೆವು. ಕೊಕ್ಕೆ ಬಿಚ್ಚಿದಾಗ ದೊಡ್ಡ ಗಾಡಿ ಬೆನ್ನೆತ್ತಿ ನಿಂತಿತು. ಮನೆಯ ಕಡೆ ಹೊರಟೆವು. ದಾರಿಯಲ್ಲಿ ಮಗಳು, "ನಾವು ಒಂದು ಕ್ಯಾರವಾನ್ ತಗೊಂಡ್ರೆ ರೆಂಟ್ ಕೊಡೋದೇ ಬೇಡ, ನೋ?" ಅಂದಳು.

ಆಮೇಲಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಾರ್ಚಿನಲ್ಲಿ ನಾವು ಅದೇ ಬೀದಿಯ ಹಿಂದೆ ಒಂದು ಕೋಣೆಯ ಮನೆಗೆ ಹೋದೆವು. ಕಿಟಕಿ ತೆರೆದರೆ ಗ್ಯಾರೇಜಿನ ಪೇಂಟ್ ವಾಸನೆ. ನಾನು ಸಂಜೆ ಕಟ್ಟಡದ ಮಕ್ಕಳಿಗೆ ಗಣಿತ ಹೇಳಿಕೊಟ್ಟೆ, ಆ ಮಕ್ಕಳು ಹೋಗುವವರೆಗೂ ಇವರು ಮೆಟ್ಟಿಲ ಮೇಲೆ ಕೂತು ಪೇಪರ್ ಓದುವರು. ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು ಓದಿದಳು. ಕಷ್ಟವಾಗಲಿಲ್ಲವೇ ಅಂದರೆ ಆಯಿತು. ಎಷ್ಟೋ ರಾತ್ರಿ ಜಗಳವಾಡಲೂ ಜಾಗವಿಲ್ಲದೆ ಸುಮ್ಮನೆ ಮಲಗಿದ್ದೇವೆ. ಈಗ ಮೈಸೂರಿನಲ್ಲಿ ನಮ್ಮದೇ ಮನೆ ಇದೆ, ಕೋಣೆಗೊಂದು ಬಾಗಿಲಿದೆ. ಆದರೂ ಆ ಒಂದು ಕೋಣೆಯ ವರ್ಷಗಳನ್ನು ನೆನೆದಾಗ ನನ್ನ ಎದೆ ತುಂಬಿ ಬರುತ್ತದೆ, ಯಾಕೆಂದು ಕೇಳಿದರೆ ನನಗೆ ಗೊತ್ತಿರುವುದು ಒಂದೇ ಒಂದು ಫೋನಿನ ಮಾತು.

ಕ್ಯಾರವಾನ್ ಒಪ್ಪಿಸಿ ಬಂದ ಮಾರನೆಯ ಬೆಳಗು. ನಾನು ಅಡುಗೆಮನೆಯಲ್ಲಿದ್ದೆ. ಇವರು ಹಾಲ್‌ನಲ್ಲಿ ಫೋನ್ ಹಿಡಿದು ನಿಂತಿದ್ದರು, ಹಮ್ರಿಯಾದ ರೂಮಿನವನ ಜೊತೆ ಮಾತು. ಅವನು ಯಾವ ಊರಿನವನೋ. ನಮ್ಮವರು ತಮ್ಮ ಹರಕು ಹಿಂದಿಯಲ್ಲಿ ಹೇಳುತ್ತಿದ್ದರು, ಮಂಚ ಬೇರೆಯವರಿಗೆ ಕೊಡಿ, ಫ್ಯಾಮಿಲಿ ಹೋಗುತ್ತಿಲ್ಲ. ಆ ಕಡೆಯವನು ಬಿಡಲಿಲ್ಲವೆಂದು ಕಾಣುತ್ತದೆ. ಖರ್ಚಿನ ಲೆಕ್ಕ ಹೇಳಿರಬೇಕು, ಎಲ್ಲರೂ ಕಳಿಸುತ್ತಿದ್ದಾರಲ್ಲ ಸಾಬ್, ನಿಮಗೇನು ತೊಂದರೆ ಅಂತ ಕೇಳಿರಬೇಕು. ಇವರು ಬಹಳ ಹೊತ್ತು "ಹಾಂ, ಹಾಂ" ಅನ್ನುತ್ತಿದ್ದರು. ನಾನು ಸೌಟು ಹಿಡಿದು ನಿಂತುಬಿಟ್ಟೆ.

ಆಮೇಲೆ, ಇಷ್ಟು ವರ್ಷದಲ್ಲಿ ನನ್ನೆದುರು ಕನ್ನಡದಲ್ಲಿ ಹೇಳಲು ತಮಗೆ ಬಾಯಿ ಬಾರದ ಮಾತನ್ನು, ಮುಖ ಪರಿಚಯವೂ ಸರಿಯಾಗಿ ಇಲ್ಲದ ಒಬ್ಬನಿಗೆ ನನ್ನ ಗಂಡ ಹಿಂದಿಯಲ್ಲಿ ಹೇಳಿದರು.

"ನಹೀ ಭಾಯ್. ಪೈಸಾ ಕಾ ಬಾತ್ ನಹೀ. ಮೈ ಅಕೇಲಾ ನಹೀ ರಹ್ ಸಕತಾ."